ಅಳು ನಿಂತ ಮನೆ

ಫೆಬ್ರುವರಿ ಹತ್ತರ ಬೆಳಿಗ್ಗೆ ಲಕ್ಷ್ಮಿ ಎಂಬ ಗೃಹಿಣಿ ತಿಕೋಟಾ ಠಾಣೆಗೆ ಬಂದು, ಪಕ್ಕದ ಮನೆಯ ಕೂಸು ಅಳುತ್ತಿಲ್ಲ ಎಂದು ದೂರು ಹೇಳಿದಳು.

ಹೆಡ್ ಕಾನ್‌ಸ್ಟೆಬಲ್ ಶಂಕರೆಪ್ಪ ಪೆನ್ನು ಕೆಳಗಿಟ್ಟ. ಇದೇ ಲಕ್ಷ್ಮಿ ಡಿಸೆಂಬರಿನಲ್ಲಿ ಬಂದು, ಅದೇ ಕೂಸು ಹಗಲು ರಾತ್ರಿ ಅಳುತ್ತದೆ, ಪಿಯುಸಿ ಓದುವ ಮಗನಿಗೆ ತೊಂದರೆಯಾಗಿದೆ ಎಂದು ಅರ್ಜಿ ಕೊಟ್ಟಿದ್ದಳು. ಅದನ್ನು ವಿಲೇವಾರಿ ಮಾಡುವ ದಾರಿ ಕಾಣದೆ ಶಂಕರೆಪ್ಪ ಕಾಲಕ್ಕೆ ಬಿಟ್ಟಿದ್ದ.

"ಅತ್ತರೂ ನಿಮಗ ತಕರಾರು, ಸುಮ್ನಿದ್ರೂ ತಕರಾರು. ಯಾವ ಕಲಂ ಹಾಕೂಣ್ರಿ ಅಕ್ಕಾರ?"

"ನಗಬ್ಯಾಡ್ರಿ. ಸಂಕ್ರಮಣ ಆದಾಗಿಂದ ಒಂದ್ ಚೂರೂ ಸಪ್ಪಳಿಲ್ಲ. ಮೂರು ತಿಂಗಳ ಕೂಸು ರೀ ಅದು. ಬಾಗಲಾ ಬಡದ್ರೂ ಬೆಚ್ಚೂದಿಲ್ಲ." ಲಕ್ಷ್ಮಿ ಇನ್ನೊಂದು ಮಾತನ್ನು ಹೇಳಲೋ ಬೇಡವೋ ಎನ್ನುವಂತೆ ಹೇಳಿದಳು. ಆ ಮನೆಯ ಅಜ್ಜಿ ದಿನಾ ಗೋಡೆಯ ಮೇಲಿಂದ ಇಣುಕಿ, ನಿಮ್ಮ ಮನೆಯಲ್ಲಿ ಕೂಸು ಅಳುತ್ತಿದೆಯೇ ಎಂದು ಕೇಳುತ್ತಾರಂತೆ. "ನಮ್ಮ ಮನ್ಯಾಗ ಕೂಸ ಇಲ್ರಿ."

ಒಳಕೋಣೆಯಲ್ಲಿ ಕೂತಿದ್ದ ಪಿಎಸ್‌ಐ ಸುವರ್ಣಾ ಹಂಜಗಿ ಟೋಪಿ ತೆಗೆದುಕೊಂಡು ಹೊರಬಂದಳು.

ಮನೆ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿತ್ತು. ಯಜಮಾನ ಅನೂಪ ಗಲಗಲಿ, ನೀರಾವರಿ ಕಚೇರಿಯ ಎಂಜಿನಿಯರ್, ಕೆಲಸಕ್ಕೆ ಹೋಗಿದ್ದ. ಅವನ ತಾಯಿ ಆನಂದೀಬಾಯಿ ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದರು. ಗೇಟಿನಿಂದ ಬಚ್ಚಲಿನವರೆಗೂ ಹೂವಿನ ಮಡಿಗಳು: ಮೊಣಕಾಲೆತ್ತರದ ಬೂದುಹಸಿರು ಗಿಡ, ತುದಿಗೆ ಬಿಳಿ ಮತ್ತು ನೇರಳೆ ಹೂ. ಇಷ್ಟು ತೆಳ್ಳಗಿನ ಎಸಳನ್ನು ಸುವರ್ಣಾ ವಿಜಯಪುರದ ಬಿಸಿಲಿನಲ್ಲಿ ಎಲ್ಲೂ ನೋಡಿರಲಿಲ್ಲ.

ಪೊಲೀಸರನ್ನು ಕಂಡು ಆನಂದೀಬಾಯಿ ಗಾಬರಿಯಾಗಲಿಲ್ಲ. ಹೂವಿನ ಬಗ್ಗೆ ಕೇಳಿದವರಿಗೆಲ್ಲ ಹೇಳುವಂತೆ ಹೇಳಿದರು: ಕಿರಾಣಿ ಅಂಗಡಿಯ ಗಸಗಸೆಯೇ ಬೀಜ, ದೀಪಾವಳಿಗೆ ಮರಳಿನಲ್ಲಿ ಬೆರೆಸಿ ಮಣ್ಣಿನ ಮೇಲೆ ಉದುರಿಸಬೇಕು, ಮುಚ್ಚಬಾರದು, ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದಿಲ್ಲ. "ಬಾಡಿದ ಹೂ ಅಂದಂದೇ ಚಿವುಟಿಬಿಡಬೇಕು. ಕಾಯಿಗೆ ಬಿಟ್ರ ಗಿಡ ಹೂ ಬಿಡೂದು ನಿಲ್ಲಸ್ತದ."

ಮಾತಿನ ನಡುವೆ ಅವರು ಸುಮ್ಮನಾಗಿ ಗೋಡೆಯ ಕಡೆ ಕಿವಿಗೊಟ್ಟರು. ಸುವರ್ಣಾಳೂ ಕಿವಿಗೊಟ್ಟಳು. ಏನೂ ಇರಲಿಲ್ಲ.

ಒಳಗೆ ಸೊಸೆ ಅನುಜಾ ತೊಟ್ಟಿಲ ಪಕ್ಕದಲ್ಲಿದ್ದಳು. ಅವಳಿಗೆ ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನ ಇಲ್ಲೇ ನಡೆದಿತ್ತು. ಕೂಸು ಭಾಳ ಶಾಂತ, ಹಾಲಿಗೂ ಎಬ್ಬಿಸಬೇಕು ಎಂದಳು. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಸುವರ್ಣಾ ಅಂಗಾಲಿಗೆ ಮೆಲ್ಲಗೆ ಚಿವುಟಿದಳು. ಕೂಸು ಅಳಲಿಲ್ಲ. ರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಪಾಪೆ ಒಂದು ಗಸಗಸೆ ಕಾಳಿನಷ್ಟಿತ್ತು. ಎದೆ ಏರಿ ಇಳಿದು, ಮತ್ತೆ ಏರುವುದನ್ನು ಮರೆತಂತೆ ನಿಂತು, ಮತ್ತೆ ಏರಿತು.

"ಜೀಪ್ ತಿರುಗಿಸ್ರಿ ಶಂಕರೆಪ್ಪ," ಎಂದಳು.

ವಿಜಯಪುರದ ಆಸ್ಪತ್ರೆಯಲ್ಲಿ ವೈದ್ಯರು ಅಫೀಮಿನ ಜಾತಿಯ ವಸ್ತು ಎಂದು ಸಂಶಯಪಟ್ಟು, ಪ್ರತಿವಿಷದ ಚುಚ್ಚುಮದ್ದು ಕೊಟ್ಟು, ಮೂತ್ರದ ಮಾದರಿಯನ್ನು ಪರೀಕ್ಷೆಗೆ ಕಳಿಸಿದರು. ಉಸಿರು ತಾನಾಗಿ ಸರಿಯಾಗದಿದ್ದರೆ ಕೂಸು ಉಳಿಯುವ ಭರವಸೆ ಕೊಡಲಾರೆವು ಎಂದರು. ಸಂಜೆ ನಾಲ್ಕಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಅನೂಪನಿಗೆ ಆರೋಪಿ ಅಪರಿಚಿತಳಾಗಿರಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಅರಕೇರಿಯಿಂದ ಬರುತ್ತಿದ್ದ ಬೋರವ್ವನದೇ ಈ ಕೆಲಸ, ಇಂಥವರ ಕೈಯಲ್ಲಿ ಏನೇನೋ ಬೇರು ಇರುತ್ತವೆ ಎಂದು ಅವನು ಬರೆದೇ ಕೊಟ್ಟ. ಬೋರವ್ವ ಆಡು ಮೇಯಿಸುವ ಮನೆಯವಳು ಎಂಬುದನ್ನೂ ಸೇರಿಸಿದ. ಅದರಿಂದ ತನಿಖೆಗೆ ಏನು ಉಪಯೋಗವೆಂದು ಸುವರ್ಣಾ ಕೇಳಲಿಲ್ಲ.

ಮರುದಿನ ಅರಕೇರಿಯಲ್ಲಿ ಬೋರವ್ವ ಜೀಪನ್ನು ನೋಡಿ ಎದ್ದು ನಿಂತಳು.

"ಕೂಸಿಗೆ ಏನ ಕೊಡತಿದ್ದಿ?"

"ಎರೀತಿದ್ದೆ, ಹೊಗಿ ಹಾಕತಿದ್ದೆ. ಕುಡಸೂದು ನನ್ನ ಕೆಲಸಲ್ರಿ ಯವ್ವಾ. ಗುಟ್ಟಿ ದೊಡ್ಡವ್ವಾರ, ಕೂಸಿನ ಅಜ್ಜೀನ ತೇಯ್ತಿದ್ರು."

"ಕಡೇ ಸಲ ಯಾವಾಗ ಹೋಗಿದ್ದಿ?"

"ಸಂಕ್ರಮಣಕ್ಕ. ಅವತ್ತ ಬ್ಯಾಡಂದ್ರು."

"ಯಾಕ?"

"ಎರೀವಾಗ ಕೂಸ ಅತ್ತು. ಅಳಸ್ತಿ ಅಂತ ಬೈದ್ರು." ಬೋರವ್ವ ಸೆರಗು ಸರಿಪಡಿಸಿಕೊಂಡಳು. "ಬೈಯೂದೇನ, ಎಲ್ಲಾರೂ ಬೈತಾರ. ಆದ್ರ ಅವ್ರು ಎರಡೂ ಕಿವಿ ಮುಚಗೊಂಡು ಬೈದ್ರು ರೀ."

ವಾಪಸು ಬರುವಾಗ ಶಂಕರೆಪ್ಪ, ತನ್ನ ಮಕ್ಕಳಿಗೂ ತಾಯಿ ಗುಟ್ಟಿ ಹಾಕುತ್ತಿದ್ದಳು ಎಂದು ಹೇಳಿದ: ಬಜೆ, ಜಾಜಿಕಾಯಿ, ಅಳಲೆಕಾಯಿಯನ್ನು ಎದೆಹಾಲಿನಲ್ಲಿ ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ನೆಕ್ಕಿಸುವುದು. "ಅದರಿಂದ ಯಾರೂ ಸತ್ತಿಲ್ರಿ ಮೇಡಂ."

"ಕಲ್ಲು ಒಂದೇ ಇರತೈತಿ ಶಂಕರೆಪ್ಪ. ತೇಯೂದು ಬದಲಾಗತೈತಿ."

ಹನ್ನೆರಡನೆಯ ತಾರೀಖು ಮಧ್ಯಾಹ್ನ ತೋಟಗಾರಿಕೆ ಇಲಾಖೆಯ ಅಧಿಕಾರಿ ಮತ್ತು ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಇದು ಚೆಲುವಿಗೆ ಬೆಳೆಸುವ ಬೇರೆ ಜಾತಿಯಲ್ಲ, ಅಫೀಮು ಬರುವ ಗಿಡವೇ, ಪರವಾನಗಿ ಇಲ್ಲದೆ ಒಂದು ಗಿಡವನ್ನೂ ಬೆಳೆಸುವಂತಿಲ್ಲ ಎಂದು ಅಧಿಕಾರಿ ಹೇಳಿದರು. ಪಂಚರಲ್ಲೊಬ್ಬ ಹಾಗಾದರೆ ಹುಗ್ಗಿಗೆ ಹಾಕುವ ಗಸಗಸೆ ಎಂದು ಬಾಯಿ ತೆರೆದವನು, ಖಾಕಿ ನೋಡಿ ಮುಚ್ಚಿದ.

ಮುಂದಿನ ಮಡಿಗಳಲ್ಲಿ ಒಂದೇ ಒಂದು ಕಾಯಿ ಇರಲಿಲ್ಲ. ಬಾಡಿದ ಹೂವನ್ನೆಲ್ಲ ಅಚ್ಚುಕಟ್ಟಾಗಿ ಚಿವುಟಲಾಗಿತ್ತು. ಬಚ್ಚಲಿನ ಹಿಂದೆ, ನೀರು ಹರಿದು ತಂಪಾದ ಮೂಲೆಯಲ್ಲಿ ಮಾತ್ರ ಒಂದು ಸಾಲು ಗಿಡ ಹೂವೆಲ್ಲ ಉದುರಿಸಿ, ನಿಂಬೆಗಾತ್ರದ ಹಸಿರು ಕಾಯಿ ಹೊತ್ತು ನಿಂತಿತ್ತು. ಸುವರ್ಣಾ ಬಗ್ಗಿ ನೋಡಿದಳು. ಪ್ರತಿ ಕಾಯಿಯ ಮೇಲೂ ಸೂಜಿಯಿಂದ ಎಳೆದಂಥ ಸಣ್ಣ ಗೀರುಗಳು, ಅಫೀಮಿನ ಹಾಲು ಒಸರಿಸಲು ಹಾಕುವಂಥವು.

ಆನಂದೀಬಾಯಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಈ ಕಾಯಿ ಯಾಕ ಬಿಟ್ರಿ ಅಮ್ಮಾರ?"

"ಬೀಜಕ್ಕ."

"ಬೀಜಕ್ಕ ಬಿಟ್ಟ ಕಾಯಿಗೆ ಗೀರು ಯಾಕ್ರಿ?"

ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಿದ್ದ ಅನುಜಾ ಒಳಗೆ ಹೋಗಿ, ಗುಟ್ಟಿಯ ಕಲ್ಲು ಮತ್ತು ಕೂಸಿಗೆ ಕುಡಿಸುವ ಬೆಳ್ಳಿಯ ಒಳಲೆಯನ್ನು ತಂದು ಪಂಚರ ಮುಂದಿಟ್ಟಳು. ಕಲ್ಲಿನ ಒಂದು ಅಂಚು ಕಂದಾಗಿ ಅಂಟಂಟಾಗಿತ್ತು. ಎರಡು ತಿಂಗಳು ನಿದ್ದೆಯಿಲ್ಲದವಳು ಅತ್ತೆಯ ಗುಟ್ಟಿಯಿಂದ ಕೂಸು ಮಲಗಿತೆಂದು ತಾನೂ ಮಲಗಿದ್ದಳು. ಈಗ ಅವಳು ಅತ್ತೆಯ ಕಡೆ ನೋಡಲಿಲ್ಲ.

"ಅಕೀಗೆ ಏನೂ ಗೊತ್ತಿಲ್ಲ," ಎಂದರು ಆನಂದೀಬಾಯಿ. "ನಾನೇ ತೇಯ್ದೆ. ಭಾಳ ಅಲ್ಲ. ಒಂದು ಸುತ್ತು. ಅದಕ್ಕೂ ಅಳು ನಿಲ್ಲದಿದ್ರ ಇನ್ನೊಂದು."

ಉಳಿದದ್ದನ್ನು ಅವರು ಠಾಣೆಯಲ್ಲಿ, ಮಹಿಳಾ ಸಿಬ್ಬಂದಿಯ ಎದುರು, ಪಾಠ ಒಪ್ಪಿಸುವ ಹಾಗೆ ಹೇಳಿದರು. ಮದುವೆಯಾಗಿ ಬಬಲೇಶ್ವರಕ್ಕೆ ಹೋದಾಗ ಅವರು ಮೆಟ್ರಿಕ್ ಪಾಸಾಗಿದ್ದರು. ಆ ಮನೆಯಲ್ಲಿ ಅಷ್ಟು ಓದಿದ ಹೆಂಗಸು ಇನ್ನೊಬ್ಬಳಿರಲಿಲ್ಲ. ಚೊಚ್ಚಲು ಹೆಣ್ಣು. ಅಲ್ಲಿ ಎಲ್ಲ ಕೂಸುಗಳಿಗೂ ಸಾಸಿವೆಯಷ್ಟು ಅಫೀಮಿನ ಗೋಳಿ ಕೊಡುವ ರೂಢಿ. ಅದು ವಿಷ ಎಂದು ಎಲ್ಲೋ ಓದಿದ್ದ ಆನಂದೀಬಾಯಿ ಅತ್ತೆ ಕೊಟ್ಟ ಗೋಳಿಗಳನ್ನು ಬಚ್ಚಲಿಗೆ ಚೆಲ್ಲಿದ್ದರು. ಅದೇ ವಾರ ಕೂಸಿಗೆ ಜ್ವರ ಬಂತು. ಮೂರು ದಿನ ಬಿಡದೆ ಅತ್ತು, ನಾಲ್ಕನೆಯ ದಿನ ಸುಮ್ಮನಾಯಿತು. ಗೋಳಿ ಕೊಟ್ಟಿದ್ದರೆ ಮಲಗಿ ಉಳಿಯುತ್ತಿತ್ತು, ಓದಿದವಳು ಅಳಿಸಿ ಕೊಂದಳು ಎಂದು ಅತ್ತೆ ಹೇಳಿದರು. ತಾವು ಸಾಯುವತನಕ ಹೇಳುತ್ತಲೇ ಇದ್ದರು. ಆ ಮಾತು ತಪ್ಪೆಂದು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

"ಅನೂಪ ಹುಟ್ಟಿದಾಗ?"

"ಅಂವ ಅಳೂ ಕೂಸಲ್ಲ. ಪುಣ್ಯಾತ್ಮ." ಅವರ ಮುಖದಲ್ಲಿ ನಗೆಯಂಥದ್ದೊಂದು ಬಂದು ಹೋಯಿತು. "ಈ ಮೊಮ್ಮಗ ಅತ್ತ. ಅಗದೀ ಅಕೀ ಹಂಗ ಅತ್ತ. ಈ ಸಲ ತಪ್ಪು ಮಾಡಬಾರದು ಅಂತ ಮಾಡಿದೆ, ಮೇಡಂ."

ಸುವರ್ಣಾ ಬರೆಯುವುದನ್ನು ನಿಲ್ಲಿಸಿದಳು. ಅಂದು ಗೋಳಿ ಚೆಲ್ಲಿದ್ದೇ ಸರಿಯಾಗಿತ್ತು ಎಂದು ಹೇಳಬೇಕೆನಿಸಿತು. ಹೇಳಿದರೆ ಈ ಹೆಂಗಸಿಗೆ ಉಳಿಯುವುದೇನು ಎಂದು ಯೋಚಿಸಿ, ಹೇಳಲಿಲ್ಲ. ಅಫೀಮು ಬೆಳೆದದ್ದಕ್ಕೆ ಎನ್‌ಡಿಪಿಎಸ್ ಕಾಯ್ದೆಯ ಕಲಂ ಹದಿನೆಂಟು, ವಿಷ ಕೊಟ್ಟದ್ದಕ್ಕೆ ಬಿಎನ್‌ಎಸ್ ಕಲಂ ನೂರಾ ಇಪ್ಪತ್ತಮೂರು. ಸಂಜೆ ಐದಕ್ಕೆ ಬಂಧನ. ಮಾಹಿತಿ ಕೊಡಬೇಕಾದ ಸಂಬಂಧಿಕರ ಜಾಗದಲ್ಲಿ ಅನೂಪನ ಹೆಸರು ಬರೆದು, ಬೋರವ್ವನ ಮೇಲೆ ಅವನು ಕೊಟ್ಟಿದ್ದ ಕಾಗದವನ್ನು ಕಡತಕ್ಕೆ ಸೇರಿಸಿದಳು.

ಆಗ ಆಸ್ಪತ್ರೆಯಿಂದ ಶಂಕರೆಪ್ಪನ ಕರೆ ಬಂತು. ಕೂಸು ಎದ್ದಿದೆ, ಉಸಿರು ಸರಿಯಾಗಿದೆ, ಇನ್ನು ಭಯವಿಲ್ಲ ಎಂದು ವೈದ್ಯರು ಹೇಳಿದ್ದಾರೆ. "ಕೇಳ್ರಿ ಮೇಡಂ, ವಾರ್ಡ್ ಹಾರಿ ಹೋಗೂಹಂಗ ಒದರಾಕತ್ತೈತಿ."

ಸುವರ್ಣಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಅಳು ಠಾಣೆಯ ತುಂಬ ಹರಡಿತು. ಆನಂದೀಬಾಯಿ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ತಲೆ ವಾರೆಮಾಡಿ, ದೂರದಿಂದ ಯಾರೋ ಕರೆದ ಹಾಗೆ, ಪೂರ್ತಿ ಕೇಳಿದರು.

"ಹೌದು," ಎಂದರು. "ಇದು ಮೊಮ್ಮಗಂದು."

ಕರೆ ಮುಗಿಯಿತು. ಫೋನಿನ ದೀಪ ಆರಿತು. ಹೊರಗೆ ಅಥಣಿ ಕಡೆಗೆ ಹೋಗುವ ಬಸ್ಸೊಂದು ಹಾದುಹೋಯಿತು. ಆನಂದೀಬಾಯಿ ಇನ್ನೂ ಹಾಗೆಯೇ, ಗೋಡೆಯ ಕಡೆ ಕಿವಿಯಿಟ್ಟು ಕೂತಿದ್ದರು.

"ಅಕೀದು ನಿಂತಿಲ್ಲಲಾ," ಎಂದರು. "ಇನ್ನೂ ಅಳ್ಲಿಕ್ಕತ್ತದ."