ಜಾವಾಸ್ಕ್ರಿಪ್ಟ್ ಕಲಿಯಲು ಬಂದವಳು

"ಬಿಗಿನರ್ ಅಂದ್ರೆ ಪೈಥಾನೇ. ಹೆಸರು ಬರ್ಕೊಂಡಾಯ್ತು" ಎಂದ ಸಂಜೆಯ ಕೋಡಿಂಗ್ ಕ್ಲಾಸಿನ ಶಿಕ್ಷಕ. ತಲೆ ಎತ್ತಿಯೂ ನೋಡಲಿಲ್ಲ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್ ಅವಳು. ಕೋಡಿಂಗ್ ಕಲಿಯುತ್ತೇನೆ ಎಂದಾಗಿನಿಂದ ಉಪದೇಶದ್ದೇ ಸುಗ್ಗಿ. ಭಾವ, "ಸಿ ಭಾಷೆ ಕಲಿ, ತಳಪಾಯ ಗಟ್ಟಿಯಾಗತ್ತೆ" ಎಂದಿದ್ದ. ಅಕ್ಕ, "ಯಾವುದಕ್ಕೆ ಸಂಬಳ ಜಾಸ್ತಿಯೋ ಅದು" ಎಂದಿದ್ದಳು. ಈಗ ಈ ಮಹಾರಾಯ.

"ಯಾಕೆ ಕಲೀತೀಯಾ ಅಂತ ಒಬ್ರೂ ಕೇಳಲ್ವಲ್ಲಾ!"

"ಎಲ್ರಿಗೂ ಇದೇ ಹೇಳೋದು ಮೇಡಂ. ಸುಲಭ."

"ಎಲ್ಲಾ ಕಾಯಿಲೆಗೂ ಒಂದೇ ಮಾತ್ರೆ ಕೊಡೋ ಡಾಕ್ಟ್ರ ಹತ್ರ ನೀವು ಹೋಗ್ತೀರಾ?"

ಆಗ ಅವನು ತಲೆ ಎತ್ತಿದ. ಸಿಟ್ಟಿಗೆ ಕೆಂಪೇರಿದ ಮೂಗು, ಕಿವಿಯ ಹಿಂದೆ ನಿಲ್ಲದೆ ಜಾರುತ್ತಿದ್ದ ಒಂದೆಳೆ ಕೂದಲು. ಅಷ್ಟರಲ್ಲಿ ಅವಳು ಬ್ಯಾಗ್ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದಳು.

ಮರುದಿನ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಅವನೇ ಅವಳ ಆಸ್ಪತ್ರೆಗೆ ಬಂದ. "ನಿನ್ನೆ ಕೇಳ್ಬೇಕಿತ್ತು, ಕೇಳ್ಲಿಲ್ಲ. ಏನು ಮಾಡ್ಬೇಕು ಅಂತಿದ್ದೀರಿ?"

"ಪೇಷಂಟ್ ಇದ್ದಾರೆ. ಅವರು ಒಪ್ಪಿದ್ರೆ ಕೂತು ನೋಡಿ" ಎಂದಳು ಬಿಗಿಯಾಗಿಯೇ.

ಪೇಷಂಟ್, ಬಸ್ ಓಡಿಸಿ ನಿವೃತ್ತರಾದ ಅಜ್ಜ, ತಲೆಯಾಡಿಸಿ ಒಪ್ಪಿದರು. ಆಮೇಲೆ ಏನನ್ನೋ ಹೇಳಲು ಒದ್ದಾಡಿದರು. ಹೆಂಡತಿ ನೀರು ಕೊಟ್ಟರು, ಫ್ಯಾನ್ ಜೋರು ಮಾಡಿದರು. ಅಜ್ಜ ಕುರ್ಚಿಯ ಕೈಗೆ ಬಡಿದರು, ಕಣ್ಣು ತುಂಬಿತು. ಅವಳು ಚಿತ್ರಗಳ ಕಾರ್ಡು ಹರಡಿದಳು. ಅಜ್ಜನ ಬೆರಳು ಕಂಬಳಿಯ ಮೇಲೆ ನಿಂತಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಚಳಿ ಆಗ್ತಿತ್ತಾ?" ಹೆಂಡತಿ ಓಡಿ ಫ್ಯಾನ್ ಆರಿಸಿದರು.

"ಈ ಚಿತ್ರಗಳು ಮನೆಯವರ ಫೋನಲ್ಲಿರ್ಬೇಕು" ಎಂದಳು ಅವಳು. "ಮುಟ್ಟಿದ್ರೆ ಮಾತಾಡ್ಬೇಕು. ಇನ್‌ಸ್ಟಾಲ್ ಮಾಡೋ ಗೋಜು ಬೇಡ, ಲಿಂಕ್ ಒತ್ತಿದ್ರೆ ತೆರ್ಕೋಬೇಕು."

"ಹಾಗಾದ್ರೆ ಜಾವಾಸ್ಕ್ರಿಪ್ಟ್. ಬ್ರೌಸರ್‌ಗೆ ಅದೇ ಸರಿ. ನಾನು ಹೇಳಿದ್ದು ತಪ್ಪಾಗಿತ್ತು."

"ನಿನ್ನೆನೇ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಪಾಠ ಜಗಳದಲ್ಲೇ ಸಾಗಿತು. ಎಲ್ಲೋ ಒಂದು ಬ್ರಾಕೆಟ್ ಬಿಟ್ಟುಹೋಗಿ ಪುಟವೇ ತೆರೆಯದಾದಾಗ ಅವನು ಕೀಬೋರ್ಡಿಗೆ ಕೈ ಚಾಚಿದ.

"ಕೈ ತೆಗೀರಿ. ನಾನೇ ಹುಡುಕ್ತೀನಿ."

ಕೈ ಕಟ್ಟಿ ಕೂತ. ಕಣ್ಣು ಮಾತ್ರ ಸ್ಕ್ರೀನ್ ಬಿಟ್ಟು ಅವಳತ್ತಲೇ ಇತ್ತು.

"ತಪ್ಪಿರೋದು ಸ್ಕ್ರೀನ್ ಮೇಲೆ, ನನ್ನ ಮುಖದಲ್ಲಲ್ಲ" ಎಂದಳು ತಿರುಗದೆಯೇ. ಅವನ ಕಿವಿ ಬಿಸಿಯಾಯಿತು.

ಕೊನೆಗೊಂದು ದಿನ ಅಜ್ಜನ ಕೈಗೆ ಫೋನು ಕೊಟ್ಟರು. ಹೆಂಡತಿ ಪಕ್ಕದಲ್ಲಿ ಕೂತು ಇದೊತ್ತಿ, ಅದೊತ್ತಿ ಎನ್ನುತ್ತಲೇ ಇದ್ದರು. ಅಜ್ಜ ನಿಧಾನವಾಗಿ ಒಂದು ಚಿತ್ರ ಮುಟ್ಟಿದರು.

"ಸ್ವಲ್ಪ ಸುಮ್ಮನಿರು" ಎಂದಿತು ಫೋನು.

ಹೆಂಡತಿ ನಕ್ಕರು, ನಗುನಗುತ್ತಲೇ ಸೆರಗಿಗೆ ಕಣ್ಣೊತ್ತಿದರು. "ಎಷ್ಟು ದಿನ ಆಗಿತ್ತು, ಇವ್ರು ನನ್ನ ಗದರಿ!"

ಹೊರಗಿನ ಕಾರಿಡಾರಿನಲ್ಲಿ ಅವನು ಗೋಡೆ ನೋಡುತ್ತ ಹೇಳಿದ, "ನನಗೆ ನೀವು ತುಂಬಾ ಇಷ್ಟ."

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಅವಳ ದನಿ ಏರಿತು. "ಕ್ಲಾಸ್ ಮುಗಿದ್ಮೇಲೂ ನಾನ್ಯಾಕೆ ಕೂತಿರ್ತಿದ್ದೆ ಅನ್ಕೊಂಡ್ರಿ?"

"ಡೌಟ್ ಇರ್ಬೇಕು ಅಂತ..."

"ಡೌಟಂತೆ ಡೌಟು! ದಡ್ಡ ಕಣೋ ನೀನು."

ಬಹುವಚನ ಹೋದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ಅವಳು ಸಿಡುಕುಮೋರೆಯಲ್ಲೇ ಅವನ ಕೈ ಹಿಡಿದಳು. ಮುಂದಿನ ಪೇಷಂಟ್ ಬಂದು ಎದುರಿಗೇ ನಿಂತರೂ ಬಿಡಲಿಲ್ಲ.