ಅರ್ಧ ಸಾಲು ಹಿಂದೆ

ಎಲ್ಲರೂ ಹಾಡಿ ಮುಗಿಸಿ ಕೂತಾಗಿತ್ತು. ಅಜ್ಜ ಮಾತ್ರ ನಿಂತುಕೊಂಡು ಇನ್ನೂ ಹಾಡುತ್ತಿದ್ದರು.

ದೊಡ್ಡ ಚರ್ಚು. ಎತ್ತರದ ಚಾವಣಿ. ಅಜ್ಜನ ದನಿ ಮೇಲೆ ಹೋಗಿ, ಗೋಡೆಗೆಲ್ಲ ಬಡಿದು, ಎರಡರಷ್ಟಾಗಿ ಕೆಳಗೆ ಬಂತು. ಮುಂದಿನ ಬೆಂಚುಗಳಲ್ಲಿ ಒಂದೊಂದೇ ತಲೆ ಹಿಂದಕ್ಕೆ ತಿರುಗಿತು. ಮೊಮ್ಮಗಳು ಗಿಣಿ ಮೆಲ್ಲಗೆ ಒಂದು ಮೊಳ ಆಚೆ ಸರಿದು ಕೂತಳು, ಈ ಅಜ್ಜ ಯಾರೋ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ.

“ಆ...ಮೆನ್!” ಅಜ್ಜ ಸುತ್ತ ನೋಡಿದರು. “ಓ, ಎಲ್ಲಾ ಕೂತ್ಬಿಟ್ರಾ?” ಎಂದು ತಾವೂ ಕೂತರು.

ಅಜ್ಜ ಎಂದರೆ ಅಮ್ಮನ ಅಪ್ಪ. ನಲವತ್ತು ವರ್ಷ ಲಾರಿ ಓಡಿಸಿದವರು. ಎಂಜಿನ್ ಸದ್ದನ್ನು ಮೀರಿಸಿ ಹಾಡಿ ಹಾಡಿ ಅವರ ಗಂಟಲು ದೊಡ್ಡದಾಗಿತ್ತು. ಅದೇ ಸದ್ದು ಕೇಳಿ ಕೇಳಿ ಕಿವಿ ಮಂದವಾಗಿತ್ತು. ಕಿವಿಗೆ ಮೆಷಿನ್ ಇತ್ತು ನಿಜ. ಆದರೆ ಹಾಡುವಾಗ ಅದು ಕುಂಯ್ ಎನ್ನುತ್ತದೆ ಎಂದು ಅಜ್ಜ ಅದನ್ನು ತೆಗೆದು ಜೇಬಿಗೆ ಹಾಕಿಬಿಡುತ್ತಿದ್ದರು. ಪುಸ್ತಕದ ಹಾಡೆಲ್ಲ ಅವರಿಗೆ ಬಾಯಿಪಾಠ. ಆದರೆ ಯಾವಾಗಲೂ ಅರ್ಧ ಸಾಲು ಹಿಂದೆ.

ಹಳೇ ಚರ್ಚಿನಲ್ಲಿ ಎಲ್ಲರಿಗೂ ಅದು ಅಭ್ಯಾಸವಾಗಿಹೋಗಿತ್ತು. ಈ ಊರಿಗೆ ಅವರು ಹೊಸಬರು. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಎತ್ತರದ ಕಟ್ಟಡಗಳೇ ತುಂಬಿದ ಈ ಊರಿಗೆ ಅವನ ಕಂಪನಿ ಹೋದ ತಿಂಗಳು ಕಳಿಸಿತ್ತು.

ಆರಾಧನೆ ಮುಗಿದ ಮೇಲೆ ಟೈ ಕಟ್ಟಿದ ಒಬ್ಬರು ಬಂದರು. ಚರ್ಚಿನ ಹಾಡುವ ತಂಡ ನಡೆಸುವ ಕ್ವಾಯರ್ ಮಾಸ್ಟರ್ ಅಂತೆ. ನಗುನಗುತ್ತಲೇ ಹೇಳಿದರು: “ಹಿರಿಯರೇ, ನಮ್ಮ ಕ್ವಾಯರ್ ತುಂಬಾ ಪ್ರಾಕ್ಟೀಸ್ ಮಾಡಿರುತ್ತೆ. ಮುಂದಿನ ವಾರದಿಂದ ನೀವು ಆರಾಮಾಗಿ ಕೇಳ್ತಾ ಕೂತ್ಕೊಳ್ಳಿ.”

“ಏನು? ನಾನೂ ಕ್ವಾಯರ್ ಸೇರ್ಬೇಕಾ?” ಅಜ್ಜನ ಮುಖ ಅರಳಿತು. “ಅದಕ್ಕೇನಂತೆ, ಸೇರೋಣ!”

ಕ್ವಾಯರ್ ಮಾಸ್ಟರ್ ತಬ್ಬಿಬ್ಬಾದರು. ಅಮ್ಮ ಅಜ್ಜನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು.

“ಓ,” ಎಂದರು ಅಜ್ಜ. ಅಷ್ಟೇ.

ಎಲ್ಲರೂ ಕಾರು ಹತ್ತಿದರು. ಅಪ್ಪ ಹೇಳಿದ: “ಊರಲ್ಲಿ ಇದೊಂದೇ ಚರ್ಚ್ ಅಲ್ವಲ್ಲ. ನಾಲ್ಕು ಕಡೆ ನೋಡೋಣ. ನಮಗೆ ಹಿಡಿಸಿದ ಕಡೆ ಸೇರೋಣ.”

“ನಿಧಾನಕ್ಕೆ ನೋಡೋಣ, ಅವಸರ ಬೇಡ,” ಎಂದು ಅಮ್ಮ ಗೇರ್ ಬದಲಿಸಿದಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಮನೆಯಲ್ಲೂ ಅವಳ ಮಾತೆಲ್ಲ ಹಾಗೇ, ನಿಧಾನ, ಬ್ರೇಕು, ಹಿಂದೆ ನೋಡು.

ಎರಡನೇ ಭಾನುವಾರ ಹೋದ ಚರ್ಚಿನಲ್ಲಿ ಹಾಡೇ ಇರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಕೂರುವುದು. ಅಪ್ಪನಿಗೆ ಅದು ತುಂಬಾ ಹಿಡಿಸಿತು. ಅಜ್ಜನಿಗೆ ಹತ್ತೇ ನಿಮಿಷದಲ್ಲಿ ನಿದ್ದೆ ಹತ್ತಿತು. ಅವರ ಗೊರಕೆಯೂ ಹಾಡಿನಷ್ಟೇ ಜೋರು. ಗಿಣಿ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ಅಮ್ಮ ಅಜ್ಜನ ಪಕ್ಕೆ ತಿವಿದಳು. “ಯಾವ ಸ್ಟಾಪು?” ಎಂದು ಅಜ್ಜ ಎದ್ದು ಕೂತರು.

ಮೂರನೇ ಚರ್ಚು ಗಿಣಿಗೆ ತುಂಬಾ ಇಷ್ಟವಾಯಿತು. ಬಣ್ಣಬಣ್ಣದ ಲೈಟು, ಗಿಟಾರು, ಎದೆ ನಡುಗಿಸುವ ಡ್ರಮ್ಸ್. ಗೋಡೆಯಷ್ಟು ದೊಡ್ಡ ಸ್ಕ್ರೀನಿನಲ್ಲಿ ಹಾಡಿನ ಸಾಲುಗಳು. ಅಲ್ಲಿ ಅವಳ ಕ್ಲಾಸಿನ ಹುಡುಗಿಯೊಬ್ಬಳು ಸಿಕ್ಕಿದಳು. ಎರಡು ಉದ್ದ ಜಡೆ ಇದ್ದದ್ದರಿಂದ ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಡಬಲ್ ಜಡೆ ಎನ್ನುತ್ತಿದ್ದರು.

“ನೀನೂ ನಮ್ ಡ್ಯಾನ್ಸ್ ಟೀಮಿಗೆ ಸೇರ್ಕೋ,” ಎಂದಳು ಡಬಲ್ ಜಡೆ. “ಸ್ಟೇಜ್ ಮೇಲೆ, ಮೈಕ್ ಹಾಕ್ಕೊಂಡು! ನಿಂಗಂತೂ ಮೈಕೂ ಬೇಡ ಬಿಡು.”

ಹೌದು, ಗಿಣಿಗೆ ಆ ಹೆಸರು ಬಂದದ್ದೇ ಅವಳ ಬಿಡುವಿಲ್ಲದ ಮಾತಿನಿಂದ. ಮಾತಿಗೆ ಮಾತು ಅವಳ ನಾಲಗೆ ತುದಿಯಲ್ಲೇ ಇರುತ್ತಿತ್ತು.

ಅವಳು ಕುಣಿಯುತ್ತ ತನ್ನ ಜಾಗಕ್ಕೆ ಬಂದಾಗ ಅಜ್ಜ ನಿಂತಿದ್ದರು. ಸ್ಕ್ರೀನಿನ ಮೇಲೆ ಸಾಲುಗಳು ಸರ್ರನೆ ಬಂದು ಸರ್ರನೆ ಹೋಗುತ್ತಿದ್ದವು. ಅಜ್ಜ ಒಂದೂ ಸಾಲು ಓದಿ ಮುಗಿಸಲಾರದೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅಲ್ಲಿನ ಸದ್ದಿನಲ್ಲಿ ಅವರು ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಅವರು ಬಾಯಿಯನ್ನೇ ತೆರೆಯಲಿಲ್ಲ.

“ಅಜ್ಜಾ, ಹೇಗಿತ್ತು?” ಹೊರಗೆ ಬಂದ ಮೇಲೆ ಗಿಣಿ ಕೇಳಿದಳು.

“ಚೆನ್ನಾಗಿತ್ತು ಕಣೇ. ನೀನು ಖುಷಿಯಾಗಿದ್ಯಲ್ಲ, ಸಾಕು.”

ಆ ವಾರವೂ ಗಿಣಿ ಎರಡು ಸಲ ಶಾಲೆಗೆ ಲೇಟಾಗಿ ಹೋದಳು. ಎರಡನೇ ಸಲ ಟೀಚರ್ ಬಾಗಿಲಲ್ಲೇ ನಿಲ್ಲಿಸಿ, “ಏನಮ್ಮಾ, ನಿಮ್ಮನೇಲಿ ಅಲಾರಂ ಕೆಟ್ಟಿದ್ಯಾ?” ಎಂದು ಕೇಳಿದರು.

ಉತ್ತರ ಕೊಡಲು ಬಾಯಿ ತೆರೆದವಳು ಹಾಗೇ ನಿಂತಳು. ಅವಳ ಹತ್ತಿರ ಅಲಾರಂ ಇರಲೇ ಇಲ್ಲ. ದಿನಾ ಬೆಳಿಗ್ಗೆ ಅಜ್ಜ ಗಡ್ಡ ಬೋಳಿಸಿಕೊಳ್ಳುತ್ತ ಹಾಡುತ್ತಿದ್ದರು. ಬಚ್ಚಲುಮನೆಯಿಂದ ಬರುವ ಆ ದನಿಗೇ ಅವಳಿಗೆ ಎಚ್ಚರವಾಗುತ್ತಿತ್ತು. ಕೊನೆಯ ಸಲ ಅದನ್ನು ಕೇಳಿದ್ದು ಯಾವಾಗ? ಟೈ ಕಟ್ಟಿದವರ ಚರ್ಚಿಗೆ ಹೋಗುವ ಮೊದಲು.

ಶುಕ್ರವಾರ ಊಟಕ್ಕೆ ಕೂತಾಗ ಅಪ್ಪ ಹೇಳಿದ: “ಮಾವನೂ ಚೆನ್ನಾಗಿತ್ತು ಅಂದ್ರು. ಆ ಡ್ರಮ್ಸ್ ಚರ್ಚಿಗೇ ಸೇರಿಬಿಡೋಣ. ಏನಂತೀಯ ಗಿಣಿ?”

ಅವಳು ಕುರ್ಚಿಯಿಂದ ಹಾರಿ ಕುಣಿಯುತ್ತಾಳೆ ಎಂದು ಎಲ್ಲರೂ ಕಾದರು.

“ಇನ್ನೊಂದು ನೋಡೋಣ,” ಎಂದಳು ಗಿಣಿ.

“ಯಾವುದು?”

“ನಾನು ಹುಡುಕ್ತೀನಿ.”

ಶನಿವಾರ ಮಧ್ಯಾಹ್ನ ಅವಳು ಅಮ್ಮನ ಫೋನು ಇಸಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಊರಿನ ಚರ್ಚುಗಳ ನಂಬರುಗಳನ್ನೆಲ್ಲ ತೆಗೆದು ಒಂದೊಂದಕ್ಕೇ ಫೋನು ಮಾಡತೊಡಗಿದಳು.

“ಹಲೋ, ನಮಸ್ಕಾರ. ನಮ್ಮಜ್ಜ ತುಂಬಾ ಜೋರಾಗಿ ಹಾಡ್ತಾರೆ. ಎಲ್ಲರಿಗಿಂತ ಹಿಂದೆ ಹಾಡ್ತಾರೆ. ನಿಮ್ಮಲ್ಲಿ ಪರವಾಗಿಲ್ವಾ?”

ಮೊದಲನೆಯವರು, “ಬೆಳಿಗ್ಗೆ ಒಂಬತ್ತಕ್ಕೆ ಆರಾಧನೆ,” ಎಂದು ಇಟ್ಟುಬಿಟ್ಟರು. ಎರಡನೆಯವರು, “ಯಾರೋ ಅದು ತಮಾಷೆ ಮಾಡೋದು?” ಎಂದು ಗದರಿದರು. ಮೂರನೆಯವರು, “ಎಲ್ಲರಿಗೂ ಸ್ವಾಗತ ಮಗೂ,” ಎಂದರು. ಆದರೆ ಹಾಡಿನ ವಿಷಯ ಎತ್ತಲೇ ಇಲ್ಲ.

ಆರನೇ ಫೋನಿಗೆ ಒಬ್ಬ ಹೆಂಗಸು ಸಿಕ್ಕಿದರು. ಅವರು ಗಿಣಿಯ ಮಾತನ್ನು ಪೂರ್ತಿ ಕೇಳಿಸಿಕೊಂಡರು.

“ಎಷ್ಟು ಹಿಂದೆ?” ಎಂದು ಕೇಳಿದರು.

“ಆಂ?”

“ಒಂದು ಸಾಲು ಹಿಂದೇನಾ, ಅರ್ಧ ಸಾಲಾ?”

ಗಿಣಿ ನೆಟ್ಟಗೆ ಕೂತಳು. “ಅರ್ಧ. ಅವರಿಗೆ ತುಂಬಾ ಇಷ್ಟದ ಹಾಡಾದ್ರೆ ಮುಕ್ಕಾಲು.”

“ಕಣ್ಣು ಚೆನ್ನಾಗಿ ಕಾಣುತ್ತಾ?”

“ದೂರದ್ದೆಲ್ಲ ಕಾಣುತ್ತೆ. ಲಾರಿ ಓಡಿಸ್ತಿದ್ರು.”

“ಹಾಗಾದ್ರೆ ನಾಳೆ ಕರ್ಕೊಂಡ್ ಬಾ. ಮುಂದಿನ ಸಾಲಲ್ಲಿ ಕೂರಿಸು, ನನ್ನ ಕೈ ಕಾಣೋ ಹಾಗೆ. ಪಿಯಾನೊ ನುಡಿಸೋದು ನಾನೇ.”

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಚರ್ಚು. ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ಮುಂದೆ ಒಂದು ಮರದ ಕಟಕಟೆ. ನಲವತ್ತು ಜನ ಇದ್ದರೆ ಹೆಚ್ಚು. ಗಿಣಿ ಮಕ್ಕಳನ್ನು ಎಣಿಸಿದಳು. ಐದು. ಅದರಲ್ಲಿ ಒಂದು, ಸಿಕ್ಕಿದವರನ್ನೆಲ್ಲ ಕಚ್ಚುವ ಪುಟ್ಟ ಮಗು.

ಪಾಸ್ಟರ್ ವಾರವೆಲ್ಲ ಶಾಲೆಯಲ್ಲಿ ಗಣಿತ ಕಲಿಸುವವರಂತೆ. ಅವರ ಬೈಬಲ್ ಉಪದೇಶದ ನಡುವೆ ಒಬ್ಬ ಅಜ್ಜಿ ಕೈ ಎತ್ತಿ ಪ್ರಶ್ನೆ ಕೇಳಿದರು. “ಅದು ನನಗೂ ಗೊತ್ತಿಲ್ಲಮ್ಮ, ಓದಿ ಬಂದು ಹೇಳ್ತೀನಿ,” ಎಂದರು ಪಾಸ್ಟರ್. ಅಪ್ಪ ಅಮ್ಮನ ಕಡೆ ನೋಡಿ ತಲೆದೂಗಿದ.

ಆಮೇಲೆ ಹಾಡು. ಫೋನಿನಲ್ಲಿ ಸಿಕ್ಕಿದ್ದ ಹೆಂಗಸನ್ನು ಇಲ್ಲಿ ಎಲ್ಲರೂ ಪಿಯಾನೊ ಟೀಚರ್ ಎನ್ನುತ್ತಿದ್ದರು. ಕುಳ್ಳಗಿದ್ದರು, ದಪ್ಪ ಕನ್ನಡಕ ಹಾಕಿಕೊಂಡಿದ್ದರು. ಎಲ್ಲರೂ ಎದ್ದು ನಿಂತರು. ಅಜ್ಜನೂ ನಿಂತರು. ಬಾಯಿ ಮುಚ್ಚಿಯೇ ಇತ್ತು.

ಮೊದಲ ಸಾಲು ಹೋಯಿತು. ಎರಡನೆಯದೂ ಹೋಯಿತು. ಪಿಯಾನೊ ಟೀಚರ್ ತಿರುಗಿ, ಅಜ್ಜನನ್ನೇ ನೋಡುತ್ತ, ಹುಬ್ಬು ಮೇಲೆತ್ತಿದರು. ‘ಎಲ್ಲಿ, ಬರಲಿ?’ ಎನ್ನುವ ಹಾಗೆ.

ಅಜ್ಜನ ಕೈ ಕಿವಿಗೆ ಹೋಯಿತು. ಮೆಷಿನ್ ಜೇಬಿಗೆ ಹೋಯಿತು. ದನಿ ಹೊರಗೆ ಬಂತು.

ಕಿಟಕಿಯ ಗಾಜು ಝಣ್ ಎಂದಿತು. ಕಚ್ಚುವ ಮಗು ಕಚ್ಚುವುದನ್ನು ಬಿಟ್ಟು ಬಾಯಿ ತೆರೆದು ನೋಡಿತು. ಸಾಲಿನ ಕೊನೆಗೆ ಎಲ್ಲರೂ ಮುಗಿಸಿದರು. ಅಜ್ಜ ಇನ್ನೂ ನಡುವಿನಲ್ಲಿದ್ದರು.

ಪಿಯಾನೊ ಟೀಚರ್ ಮುಂದಕ್ಕೆ ಹೋಗಲಿಲ್ಲ. ಒಂದು ಕೈ ಕೊನೆಯ ಸ್ವರದ ಮೇಲೇ ಇಟ್ಟು, ಇನ್ನೊಂದನ್ನು ಅಜ್ಜನಿಗೆ ಕಾಣುವ ಹಾಗೆ ಎತ್ತಿ ಹಿಡಿದು ಕಾದರು. ಅಜ್ಜನ ಹಾಡು ಬಂದು ಸೇರಿಕೊಂಡಿತು. ಆಮೇಲೆ ಎಲ್ಲರೂ ಒಟ್ಟಿಗೆ ಮುಂದಿನ ಸಾಲಿಗೆ ಹೊರಟರು.

ಪ್ರತಿ ಸಾಲಿಗೂ ಹಾಗೇ. ಹಿಂದಿನ ಕುರ್ಚಿಯ ಹುಡುಗನೊಬ್ಬ, “ಇವತ್ತು ಈ ಹಾಡು ಮುಗಿಯಲ್ಲ,” ಎಂದು ಗೊಣಗಿದ. ನಾಲ್ಕೈದು ಜನ ನಕ್ಕರು. ಗಿಣಿಗೂ ನಗು ಬಂತು. ಆದರೆ ಯಾರೂ ಹಾಡು ಬಿಟ್ಟು ಕೂರಲಿಲ್ಲ.

ಮೂರನೇ ಚರಣಕ್ಕೆ ಗಿಣಿ ತಾನಿದ್ದ ಕಡೆಯಿಂದ ಸರಿದು ಅಜ್ಜನ ಪಕ್ಕಕ್ಕೆ ಬಂದಳು. ಇಷ್ಟು ವರ್ಷ ಅವಳು ಅಜ್ಜನ ಹಾಡು ಯಾವಾಗ ಮುಗಿಯುತ್ತದೋ ಎಂದು ನೆಲ ನೋಡುತ್ತಲೇ ನಿಂತಿದ್ದಳು. ಈಗ ಮುಖ ನೋಡಿದಳು. ಕಣ್ಣು ಅರ್ಧ ಮುಚ್ಚಿತ್ತು. ಎರಡೂ ಕೈ ಮುಂದಿನ ಕಟಕಟೆಯನ್ನು ಸ್ಟೇರಿಂಗ್ ಹಿಡಿದ ಹಾಗೆ ಹಿಡಿದಿದ್ದವು. ಪ್ರತಿ ಪದವನ್ನೂ ಅವರು ಪೂರ್ತಿ ಹಾಡುತ್ತಿದ್ದರು, ಒಂದು ಅಕ್ಷರವನ್ನೂ ನುಂಗದೆ. ಸಾಲಿನ ಕೊನೆಗೆ ಗಿಣಿಯೂ ಕಾದು, ಕೊನೆಯ ಪದವನ್ನು ಅವರ ಜೊತೆಗೇ ಮುಗಿಸಿದಳು.

ಸೋಮವಾರ ಕ್ಲಾಸಿನಲ್ಲಿ ಡಬಲ್ ಜಡೆ ಓಡಿ ಬಂದಳು. “ನಿನ್ನೆ ಯಾಕೇ ಬರ್ಲಿಲ್ಲ? ನಿಂಗೋಸ್ಕರ ಜಾಗ ಹಿಡಿದಿಟ್ಟಿದ್ದೆ.”

“ಸಾರಿ ಕಣೇ. ನಮಗೆ ನಮ್ಮ ಚರ್ಚ್ ಸಿಕ್ತು.”

“ಅಲ್ಲಿ ಡ್ರಮ್ಸ್ ಇದ್ಯಾ?”

“ಇಲ್ಲ.”

“ಸ್ಟೇಜು? ಡ್ಯಾನ್ಸು?”

ಡ್ಯಾನ್ಸ್ ಎಂದಾಗ ಗಿಣಿಯ ಕಾಲು ತಾನಾಗೇ ಒಂದು ಹೆಜ್ಜೆ ಹಾಕಿ ನಿಂತಿತು. “ಅದೂ ಇಲ್ಲ.”

“ಮತ್ತೆ ಏನಿದೆ ಅಲ್ಲಿ?”

“ನಮ್ಮಜ್ಜ ಹಾಡ್ತಾರೆ.”

“ಓ! ತುಂಬಾ ಚೆನ್ನಾಗಿ ಹಾಡ್ತಾರಾ?”

ಗಿಣಿ ಯೋಚಿಸಿದಳು. ಸುಳ್ಳು ಹೇಳಬೇಕು ಎಂದು ಅವಳಿಗೆ ಅನ್ನಿಸಲೇ ಇಲ್ಲ.

“ಜೋರಾಗಿ ಹಾಡ್ತಾರೆ,” ಎಂದಳು, ಇಡೀ ಕ್ಲಾಸಿಗೆ ಕೇಳುವ ಹಾಗೆ.