ನಡುವೆ ಮುರಿದ ಕಡ್ಡಿಗಳು

ಸೈಕಲ್ ಗಾಲಿಯ ಕಡ್ಡಿ ನಡುವೆ ಮುರಿಯುವುದಿಲ್ಲ. ಮುರಿದರೆ ಅಚ್ಚಿನ ಸುತ್ತಲಿನ ಹಬ್ಬಿನ ಹತ್ತಿರ, ಬಾಗಿದ ಕಡೆ ಮುರಿಯುತ್ತದೆ. ಮಾನ್ವಿಯಲ್ಲಿ ಮೂವತ್ತು ವರ್ಷ ಸೈಕಲ್ ಅಂಗಡಿ ಇಟ್ಟಿದ್ದ ತಾಯಣ್ಣನ ಮಗಳು ಚಂದ್ರಕಲಾ ನಾನು, ಇಷ್ಟೂ ಗೊತ್ತಿರುವುದಿಲ್ಲವೇ?

ಗಣಿತದ ಮಾಸ್ತರ್ ಆನಂದನಿಗೆ ಗೊತ್ತಿರಲಿಲ್ಲ. ಅರಕೇರಾದಿಂದ ಬಂದು ನಮ್ಮ ಓಣಿಯಲ್ಲಿ ರೂಮು ಹಿಡಿದಿದ್ದ ಈ ಮಹಾಶಯ, ಎರಡು ತಿಂಗಳಲ್ಲಿ ನಾಲ್ಕನೇ ಸಲ ಸೈಕಲ್ ತಳ್ಳಿಕೊಂಡು ನಮ್ಮ ಅಂಗಳಕ್ಕೆ ಬಂದಿದ್ದ. ಅಪ್ಪ ಅಂಗಡಿ ಮುಚ್ಚಿದ ಮೇಲೆ ರಜೆಯ ದಿನ ಮನೆಯಲ್ಲಿ ರಿಪೇರಿ ಮಾಡುವವಳು ನಾನು. ಪ್ರತಿ ಸಲವೂ ಮೂರು ಕಡ್ಡಿ ನಟ್ಟನಡುವೆ ತುಂಡು. ತುದಿ ನೋಡಿದರೆ ಇಕ್ಕಳದ ಗುರುತು.

ನಾನು ಕಡ್ಡಿ ಹಾಕುವಾಗ ಅವನು ಕಟ್ಟೆಯ ಮೇಲೆ ಕೂತು ನನ್ನ ಕೈ ನೋಡುತ್ತಿದ್ದ. ನಾನು ತಲೆ ಎತ್ತಿದರೆ ತಟಕ್ಕನೆ ನಿಂಬೆ ಗಿಡ ನೋಡುತ್ತಿದ್ದ. ಆ ಗಿಡದಲ್ಲಿ ಒಂದು ಕಾಯಿಯೂ ಇರಲಿಲ್ಲ. ನನಗೂ ಆ ನೋಟ ಬೇಕಾಗಿತ್ತು, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಆದರೆ ಆ ಭಾನುವಾರ ಸುಮ್ಮನಿರುವ ಹಾಗಿರಲಿಲ್ಲ. ಮಟಮಾರಿಯ ಸೋದರತ್ತೆ ಸಂಜೆ ನಾಲ್ಕರ ಬಸ್ಸಿಗೆ ಒಬ್ಬ ಗಂಡನ್ನು ಕರೆತರುವವಳಿದ್ದಳು. ಬೇಡ ಅನ್ನಲು ನನಗೊಂದು ಕಾರಣ ಬೇಕಿತ್ತು. ಆ ಕಾರಣವೋ, ಕಟ್ಟೆಯ ಮೇಲೆ ಕೂತು ನಿಂಬೆ ಗಿಡ ನೋಡುತ್ತಿತ್ತು.

ನನಗೆ ರೇಗಿತು. ಸೈಕಲ್ ತಲೆಕೆಳಗೆ ನಿಲ್ಲಿಸಿ, ಹೊಸ ಕಡ್ಡಿ ಮತ್ತು ಬಿಗಿಯುವ ಚಾವಿ ಅವನ ಮುಂದಿಟ್ಟೆ.

"ಇವತ್ತು ನೀವ ಹಾಕ್ರಿ ಸರ್. ಸಂಜಿಗೆ ನನ್ನ ನೋಡಾಕ ಗಂಡು ಬರಾಕತ್ತದ. ನನಗ ಪುರಸೊತ್ತಿಲ್ಲ."

ಅವನ ಮುಖ ಸಪ್ಪಗಾಯಿತು. ಚಾವಿ ಹಿಡಿದ. ನಾನು ಹೇಳಿದಂತೆ ಮೂರೂ ಕಡ್ಡಿ ಪೋಣಿಸಿ ಗಾಲಿ ತಿರುಗಿಸಿದರೆ ಅದು ಅತ್ತಿತ್ತ ವಾಲಾಡಿತು. ಪಕ್ಕದಲ್ಲಿ ಚಾಕ್‌ಪೀಸು ಹಿಡಿದು ತೋರಿಸಿದೆ: ಬಿಳಿ ಗೀರು ಬಿದ್ದಲ್ಲಿ ಬೆಂಡು. ಗಾಲಿ ಬಲಕ್ಕೆ ಬಂದಿದ್ದರೆ ಎಡಗಡೆಯ ಕಡ್ಡಿ ಬಿಗಿಯಬೇಕು, ಅದೂ ಕಾಲು ಸುತ್ತು. ಅವನು ಗಾಬರಿಯಲ್ಲಿ ಎರಡು ಸುತ್ತು ಬಿಗಿದ. ಬೆಂಡು ಇನ್ನಷ್ಟಾಯಿತು. ಅವನ ಕೈ ಮೇಲೆ ಕೈಯಿಟ್ಟು ಹಿಂದಕ್ಕೆ ತಿರುಗಿಸಿದೆ. ತಿರುಗಿಸಿ ಆದ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.

ಒಂದು ತಾಸಾಯಿತು. ಗೇಣುದ್ದದ ಗೀರು ಬೆರಳುದ್ದವಾಯಿತು, ಕೊನೆಗೆ ಗಾಲಿ ಚಾಕ್ ಮುಟ್ಟದೆ ಸೊಗಸಾಗಿ ತಿರುಗಿತು. ಆನಂದ ಗಾಲಿಯನ್ನೇ ನೋಡುತ್ತ ಹೇಳಿದ.

"ಕಡ್ಡಿ ನಾನ ಕತ್ತರಿಸಿದ್ದೆ. ನಾಕೂ ಸಲ."

"ಗೊತ್ತದ."

"ಮತ್ತ ಯಾಕ ಸುಮ್ಮನಿದ್ರಿ?"

"ಅಂದಿದ್ರ ನೀವು ಮತ್ತ ಬರ್ತಿದ್ರೇನು?"

ಈಗ ಅವನು ನನ್ನನ್ನೇ ನೋಡಿದ, ನಿಂಬೆ ಗಿಡದ ಕಡೆ ಕಣ್ಣು ಹೋಗಲಿಲ್ಲ. ಗ್ರೀಸು ಮೆತ್ತಿದ ಕೈಯಲ್ಲೇ ಸೀದಾ ಒಳಗೆ ಅಪ್ಪನ ಹತ್ತಿರ ಹೋದ. ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ.

"ಯಪ್ಪಾ, ಚಂದ್ರಕಲಾನ್ನ ನನಗ ಕೊಡ್ರಿ. ಅವರಿಗೂ ಮನಸ್ಸದ."

ಅಪ್ಪ ಗಾಲಿಯ ಬೆಂಡು ಹೋಯಿತೇ ಎಂದಷ್ಟೇ ಕೇಳುತ್ತ ಹೊರಗೆ ಬಂದ. ಗಾಲಿ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಹೂಂ ಅಂದೆ. ಅಪ್ಪ ಅತ್ತೆಗೆ ಫೋನು ಮಾಡಿ, ನೀನೊಬ್ಬಳೇ ಬಾ, ಗಂಡು ಮನೆಯಲ್ಲೇ ಇದ್ದಾನೆ ಅಂದ. ಫೋನಿಟ್ಟು ಆನಂದನ ಕಡೆ ತಿರುಗಿದ.

"ಸರ್, ಇನ್ನ ಮ್ಯಾಲರ ಕಡ್ಡಿ ಕತ್ತರಿಸಬ್ಯಾಡ್ರಿ. ಗಟ್ಟಿ ಕಡ್ಡಿ ಅವು, ನೋಡಿದ್ರ ಹೊಟ್ಟಿ ಉರೀತದ."

ನಾಲ್ಕಕ್ಕೆ ಅತ್ತೆಯನ್ನು ಕರೆತರಲು ಅದೇ ಸೈಕಲ್ಲಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೊರಟೆವು. ನಾನು ಕ್ಯಾರಿಯರ್ ಮೇಲೆ ಕೂತಿದ್ದೆ. ಓಣಿಗೆ ಓಣಿಯೇ ನೋಡುತ್ತಿತ್ತು, ನಾನು ಅವನ ಸೊಂಟ ಬಿಡಲಿಲ್ಲ.